ಟಕ್ ಅಂತು, ಢಂ ಅನ್ನಲಿಲ್ಲ

ಇಲ್ಲಿ ಬರೆದು ತಿಂಗಳುಗಳೇ ಆದವು. ಕೆಲಸ, ಡೆಡ್‌ಲೈನು ಅಂತೆಲ್ಲ ನೆಪ ಹೇಳಲ್ಲ, ಬರೀ ಸೋಮಾರಿತನ :) ಈ ಸಲದ ವಿಷಯ ಕೋವಿ. ಹೆದರಬೇಡಿ, ಯಾರಿಗೂ ದೊಡ್ಡದೇನೂ ಆಗಿಲ್ಲ. ಆಗಬಹುದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಲೈಸೆನ್ಸಿನ ಕೋವಿ ಇದೆ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಬೆದರಿಸೋಕೆ. ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು ಬರಬೇಕು. ನಮ್ಮನ್ನು ಮಾತ್ರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಹಾಗಾಗಿ ನಾನು ಮೊದಲ ಈಡು ಹೊಡೆದದ್ದು ಇಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ನನ್ನ ಹಾಗೆ ವೀಸಾದ ಮೇಲೆ ಬಂದವರು ಬಂದೂಕು ಹಿಡಿಯೋದಕ್ಕೆ ಅಮೆರಿಕದ ಕಾನೂನು ಸುಮ್ಮನೆ ಬಿಡಲ್ಲ. ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ. ಕೋರ್ಸ್ ಮುಗಿಸಿ ಅದನ್ನೂ ಮಾಡಿಸಿಕೊಂಡೆ. ಬೇಟೆಗೆ ಹೋಗಿಲ್ಲ, ರಟ್ಟಿನ ಗುರಿಗೆ ಹೊಡೆಯೋದಷ್ಟೇ.

ಗುರು ಪಕ್ಕದ ಮನೆಯ ಮುದುಕರು. ಎಪ್ಪತ್ತು ದಾಟಿದೆ, ಫಿಟ್ಟರ್ ಆಗಿ ನಿವೃತ್ತರಾದವರು. ಅವರ ಹತ್ತಿರ ಅವರಪ್ಪನ ಕಾಲದ ಒಂದು .22 ಸೆಮಿ ಆಟೊಮ್ಯಾಟಿಕ್ ರೈಫಲ್ ಇದೆ. ಇತ್ತೀಚೆಗೆ ಅದಕ್ಕೊಂದು ರೋಗ. ಹತ್ತು ಈಡಿನಲ್ಲಿ ಎರಡೋ ಮೂರೋ ಬರೀ ಟಕ್. ಢಂ ಇಲ್ಲ.

"ಇದಕ್ಕೂ ನನ್ನಷ್ಟೇ ವಯಸ್ಸಾಯ್ತು, ಮಾರಿಬಿಡ್ತೀನಿ" ಅಂದರು. ಇಂಜಿನಿಯರ್ ಅಲ್ವಾ ನಾನು, ಸುಮ್ಮನಿರೋಕಾಗುತ್ತಾ? "ಡೀಬಗ್ ಮಾಡೋಣ ಬಿಡಿ" ಅಂದೆ.

ಈ .22 ತೋಟಾ ಸ್ವಲ್ಪ ವಿಚಿತ್ರದ್ದು. ದೊಡ್ಡ ತೋಟಾಗಳ ಬುಡದ ನಡುವೆ ಬೇರೆಯಾಗಿ ಕೂರಿಸಿದ ಕೇಪು ಇರುತ್ತೆ. ಇದರಲ್ಲಿ ಆ ಸಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತೆ. ಹಸಿ ಮದ್ದು ಹಾಕಿ ಹಿತ್ತಾಳೆ ಕೊಳವೆಯನ್ನು ಗರಗರ ತಿರುಗಿಸಿ ಅಂಚಿಗೆ ಸೇರಿಸುತ್ತಾರೆ. ಆ ಅಂಚಿನ ದಪ್ಪ ಹೆಚ್ಚು ಕಡಿಮೆ 1 ಮಿ.ಮೀ. ಫೈರಿಂಗ್ ಪಿನ್ ಅದನ್ನು ಜಜ್ಜಿದರೆ ಮಾತ್ರ ಕಿಡಿ. ನಮ್ಮ ಹೊತ್ತದ ತೋಟಾಗಳ ಅಂಚಿನಲ್ಲಿದ್ದದ್ದು ಉಗುರಿನ ಗೀರಿನಂಥ ಗುರುತು. ಪೆಟ್ಟು ಸಾಲುತ್ತಿಲ್ಲ.

ಮೊದಲು ತೋಟಾ ಮೇಲೆ ಅನುಮಾನ. ಮೂರು ಬೇರೆ ಬೇರೆ ಕಂಪನಿಯವು ತಂದೆವು, ಮೂರೂ ಟಕ್. ಅಂಚಿನ ಒಂದು ಕಡೆ ಮದ್ದೇ ತಲುಪದಿದ್ದರೆ ಅಲ್ಲಿ ಎಷ್ಟು ಹೊಡೆದರೂ ಹೊತ್ತಲ್ಲ. ನಮ್ಮವು ಅದೇ ಜಾಗಕ್ಕೆ ಎರಡನೇ ಪೆಟ್ಟು ಬಿದ್ದರೆ ಹೊತ್ತುತ್ತಿದ್ದವು. ಅಂದರೆ ತೋಟಾದ ತಪ್ಪಲ್ಲ. ಬೋಲ್ಟ್ ಬಿಚ್ಚಿದರೆ ಪಿನ್ ಓಡಾಡುವ ಸಂದಿಯಲ್ಲಿ ಹಳೇ ಎಣ್ಣೆ ಜೋನಿ ಬೆಲ್ಲದ ಹಾಗೆ ಅಂಟಿತ್ತು. ತೆಗೆದೆವು. ಸ್ವಲ್ಪ ಗುಣ ಕಾಣಿಸಿತು, ಪೂರ್ತಿ ಅಲ್ಲ.

ಆಮೇಲೆ ನನ್ನ ಐಡಿಯಾ: ಹ್ಯಾಮರ್ ಸ್ಪ್ರಿಂಗ್ ಸೋತಿದೆ, ಗಟ್ಟಿದು ಹಾಕೋಣ. ಅವರಿಗೆ ಅಷ್ಟು ಮನಸ್ಸಿರಲಿಲ್ಲ. "ಎರಡನೇ ಸಲ ಯಾಕೆ ಹೊತ್ತುತ್ತೆ ಅನ್ನೋದು ಇನ್ನೂ ಗೊತ್ತಾಗಿಲ್ಲ" ಅಂದರು. ನಾನು ಕೇಳಲಿಲ್ಲ. ಹೊಸ ಸ್ಪ್ರಿಂಗ್ ಹಾಕಿ ಮೂವತ್ತು ಈಡು ಹೊಡೆದೆ. ಒಂದೂ ಟಕ್ ಇಲ್ಲ! ಏನು ಬೀಗಿದೆ ಅಂತೀರಿ.

ಮೂವತ್ತೊಂದನೆಯದರ ಸದ್ದೇ ಬೇರೆ ಇತ್ತು. ಖಾಲಿ ಕೊಳವೆ ಹಾರುವ ಕಿಂಡಿಯಿಂದ ಭುಸ್ ಅಂತ ಹೊಗೆ. ನನ್ನ ಬಲಕ್ಕೆ ನಿಂತಿದ್ದ ಅವರ ಮುಂಗೈಯಲ್ಲಿ ಒಂದು ಗೀರು, ಒಂದು ಹನಿ ರಕ್ತ. ಕೊಳವೆಯ ಬುಡ ಹರಿದು ಹಿತ್ತಾಳೆ ಚೂರು ಹಾರಿತ್ತು. ಅವರು ಬೈಯಲಿಲ್ಲ. ಮ್ಯಾಗಜೀನ್ ಖಾಲಿ ಮಾಡಿಸಿ "ಇವತ್ತಿಗೆ ಸಾಕು" ಅಂದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಸಂಜೆ ಅವರೇ ಕರೆದರು. ಬೋಲ್ಟ್ ಪೂರ್ತಿ ತೆಗೆದಿಟ್ಟಿದ್ದರು. ಒಂದು ಲಾಂಗ್ ರೈಫಲ್ ತೋಟಾವನ್ನು ಬೆರಳಿನಿಂದ ಚೇಂಬರಿಗೆ ತಳ್ಳಿದರು. ಉಗುರಿನಷ್ಟು ಹೊರಗೇ ನಿಂತಿತು. ಆಮೇಲೆ .22 ಶಾರ್ಟ್ ತಳ್ಳಿದರು. ಸುಯ್ ಅಂತ ಪೂರ್ತಿ ಒಳಗೆ!

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಶಾರ್ಟ್ 1857ರಷ್ಟು ಹಳೇದು, ಲಾಂಗ್ ರೈಫಲ್ 1887ರದ್ದು. ಇದರ ಕೊಳವೆ ಸುಮಾರು 5 ಮಿ.ಮೀ. ಹೆಚ್ಚು ಉದ್ದ. ಈ ರೈಫಲ್ ಎರಡನ್ನೂ ನುಂಗುತ್ತೆ. ಮೊಮ್ಮಗಳಿಗೆ ಕಲಿಸುವಾಗ ಸದ್ದು ಕಡಿಮೆ ಇರಲಿ ಅಂತ ಎರಡು ಬೇಸಿಗೆ ಪೂರ್ತಿ ಶಾರ್ಟ್ ಹೊಡೆಸಿದ್ದರಂತೆ. ಶಾರ್ಟ್ ಕೊಳವೆ ಮುಗಿಯುವ ಕಡೆ ಮಸಿ, ಸೀಸ, ಮೇಣ ಸೇರಿ ಉಂಗುರದ ಹಾಗೆ ಕಟ್ಟಿಕೊಂಡಿದೆ. ಉದ್ದದ ತೋಟಾ ಅಲ್ಲೇ ಸಿಕ್ಕಿ ನಿಲ್ಲುತ್ತೆ.

ಈಗ ಎಲ್ಲ ಹೊಂದಿತು. ತೋಟಾ ಪೂರ್ತಿ ಕೂತಿಲ್ಲ, ಬೋಲ್ಟ್ ಕೂದಲೆಳೆಯಷ್ಟು ಹಿಂದೆ. ಹ್ಯಾಮರ್ ಏಟಿನ ಅರ್ಧ ಶಕ್ತಿ ಅದನ್ನು ಮುಂದೆ ದೂಡೋದಕ್ಕೇ ಖರ್ಚು. ಮೊದಲ ಪೆಟ್ಟು ಕೂರಿಸುತ್ತಿತ್ತು, ಎರಡನೆಯದು ಹೊತ್ತಿಸುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿ ನಾನು ಮಾಡಿದ್ದೇನು? ಪೂರ್ತಿ ಕೂರದ ತೋಟಾವನ್ನೂ ಹೊತ್ತಿಸಿದ್ದು. ಹೊರಗೆ ಉಳಿದ ಬುಡಕ್ಕೆ ಚೇಂಬರಿನ ಗೋಡೆಯ ಆಸರೆ ಇರಲಿಲ್ಲ, ಒಡೆಯಿತು. ಆ ಟಕ್ ರೋಗವೇ ಅಲ್ಲ. ರೈಫಲ್ಲು "ಬೇಡ" ಅನ್ನುತ್ತಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಸಾಲ್ವೆಂಟಿನಲ್ಲಿ ರಾತ್ರಿಯಿಡೀ ನೆನೆಸಿ, ಕಂಚಿನ ಬ್ರಷ್ಷಿನಲ್ಲಿ ಉಜ್ಜಿ, ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕಿದೆವು. ಐವತ್ತು ತೋಟಾ, ಐವತ್ತು ಢಂ. ಮಾರುವ ಮಾತು ಅವರು ಮತ್ತೆ ಎತ್ತಿಲ್ಲ.

ಆಫೀಸಿನಲ್ಲಿ ಆಗಾಗ ಕೈಕೊಡುವ ಒಂದು ಕಡೆ ನಾನು "ಮೂರು ಸಲ ರಿಟ್ರೈ" ಅಂತ ಹಾಕಿ ಕೈತೊಳೆದುಕೊಂಡ ಕೋಡ್ ಒಂದಿತ್ತು. ಸೋಮವಾರ ಹೋಗಿ ಮೊದಲು ಅದನ್ನು ತೆಗೆದೆ. ಆ ಕಥೆ ಇನ್ನೊಮ್ಮೆ.

ಮೊನ್ನೆ ಅಜ್ಜನಿಗೆ ಫೋನ್ ಮಾಡಿದಾಗ ಕೇಳಿದೆ, "ಅಜ್ಜ, ಈಡು ಹೊತ್ತದೆ ಟಕ್ ಅಂದ್ರೆ ನೀವು ಏನು ಮಾಡ್ತಿದ್ರಿ?"

ಇಲ್ಲಿನ ಕೋರ್ಸಿನಲ್ಲೂ ಹೇಳಿಕೊಡುತ್ತಾರೆ: ಮದ್ದು ತಡವಾಗಿ ಹೊತ್ತಬಹುದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು ಅಂತ. ಅಜ್ಜ ಯಾವ ಕೋರ್ಸಿಗೂ ಹೋದವರಲ್ಲ.

"ಮಾಡೋದೇನು ಮಾರಾಯ? ಕೋವಿ ಬಾಯಿ ಆಚೆ ಮಾಡಿ, ಒಂದು ಎಲೆ ಅಡಿಕೆ ಹಾಕೋ ಅಷ್ಟು ಹೊತ್ತು ಸುಮ್ನೆ ಕೂತ್ಕಳದು. ಆಮೇಲೆ ಯಾಕೆ ಹೊತ್ತಲಿಲ್ಲ ಅಂತ ನೋಡದು."