ಟ್ಯಾಂಕರಿನ ಬೆನ್ನ ಮೇಲಿನ ನಂಬರು

ನಮ್ಮೂರಿನ ಹೆಸರು ಸಾರಥಿ. ಹರಿಹರ ತಾಲ್ಲೂಕಿನಲ್ಲಿದೆ. ರಥ ಹೊಡೆಯುವವನೇ ಸಾರಥಿ ಎಂದು ಮಕ್ಕಳಿಗೆ ಗೊತ್ತು. ಅರ್ಜುನನ ರಥಕ್ಕೆ ಕೃಷ್ಣನೇ ಸಾರಥಿಯಾಗಿದ್ದ. ಈಗ ರಥಗಳಿಲ್ಲ, ಲಾರಿಗಳಿವೆ. ಹರಿಹರ, ದಾವಣಗೆರೆಗಳ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪೆಟ್ರೋಲ್, ಗ್ಯಾಸ್, ಆಸಿಡ್ ತುಂಬಿದ ಟ್ಯಾಂಕರುಗಳು ಹಗಲಿರುಳೂ ಓಡುತ್ತವೆ. ಅವುಗಳ ಸಾರಥಿಗಳ ಕೈಯಲ್ಲಿ ನಮ್ಮೆಲ್ಲರ ಜೀವವಿದೆ.

ಐದನೇ ಕ್ಲಾಸಿನ ನನ್ನ ಮೊಮ್ಮಗ ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿ, "ಅಜ್ಜಾ, ಆ ಟ್ಯಾಂಕರಿನ ಹಿಂದೆ 1203 ಅಂತ ಬರ್ದಾರಲ್ಲ, ಅದು ಗಾಡಿ ನಂಬರಾ?" ಎಂದು ಕೇಳಿದ. ಬ್ಯಾಂಕಿನಲ್ಲಿ ಚೆಕ್ಕು, ಲೆಡ್ಜರುಗಳ ನಂಬರು ಓದುತ್ತಲೇ ತಲೆ ನರೆತವನು ನಾನು. ಇಂಥ ಪ್ರಶ್ನೆ ಎಂದರೆ ನನಗೆ ಹೋಳಿಗೆ ಊಟ.

ಮಕ್ಕಳೇ, ಅದು ಗಾಡಿಯ ನಂಬರಲ್ಲ, ಒಳಗಿರುವ ಸರಕಿನ ನಂಬರು. ವಿಶ್ವಸಂಸ್ಥೆ ಗೊತ್ತುಮಾಡಿದ್ದು. 1203 ಎಂದರೆ ಪೆಟ್ರೋಲ್, 1202 ಡೀಸೆಲ್, 1075 ಅಡುಗೆ ಅನಿಲ, 1830 ಗಂಧಕಾಮ್ಲ, 1017 ಕ್ಲೋರಿನ್. ಜೊತೆಗೆ ವಜ್ರದಾಕಾರದ ಒಂದು ಚಿತ್ರ ಇರುತ್ತದೆ. ಕೆಂಪು ಬಣ್ಣದಲ್ಲಿ ಜ್ವಾಲೆ ಇದ್ದರೆ ಬೆಂಕಿ ಹಿಡಿಯುವ ವಸ್ತು. ಕೈಯ ಮೇಲೆ ಹನಿ ಬೀಳುತ್ತಿದ್ದರೆ ಚರ್ಮ ಸುಡುವ ವಸ್ತು. ತುರ್ತು ಫೋನ್ ನಂಬರೂ ಇರುತ್ತದೆ. ಲಾರಿ ಯಾವ ರಾಜ್ಯದ್ದೇ ಆಗಿರಲಿ, ಅಗ್ನಿಶಾಮಕ ದಳದವರು ಈ ಫಲಕ ನೋಡಿ ನೀರು ಹಾಕಬೇಕೋ ನೊರೆ ಹಾಕಬೇಕೋ ತೀರ್ಮಾನಿಸುತ್ತಾರೆ. ಪೆಟ್ರೋಲಿಗೆ ಬೇಕಾದದ್ದು ನೊರೆ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ, ಬೆಂಕಿಯೂ ಅದರ ಜೊತೆಗೇ ಹರಿಯುತ್ತದೆ.

ಬ್ಯಾಂಕಿನ ತಿಜೋರಿಗೆ ಎರಡು ಬೀಗದಕೈ, ಇಬ್ಬರು ಜವಾಬ್ದಾರರು. ಇಲ್ಲಿ ಮೂವರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸರಕು ಕಳಿಸುವವನು ಅದರ ಅಪಾಯವನ್ನು ಲಾರಿ ಮಾಲೀಕನಿಗೆ ಪೂರ್ತಿ ತಿಳಿಸಬೇಕು. ಮಾಲೀಕ ಅದನ್ನು ಚಾಲಕನಿಗೆ ಬರಹದಲ್ಲಿ ಕೊಡಬೇಕು. ಚಾಲಕ ಆ ಕಾಗದವನ್ನು ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳಬೇಕು, ಅವಘಡವಾದರೆ ಕೂಡಲೇ ಪೊಲೀಸರಿಗೂ ಮಾಲೀಕನಿಗೂ ತಿಳಿಸಬೇಕು. ಇಂಥ ಗಾಡಿ ಓಡಿಸಲು ಮಾಮೂಲಿ ಲೈಸೆನ್ಸ್ ಸಾಲದು. ಮೂರು ದಿನದ ವಿಶೇಷ ತರಬೇತಿ ಪಡೆದಿರಬೇಕು, ಓದು ಬರಹ ಬಲ್ಲವನಾಗಿರಬೇಕು.

ಇಷ್ಟೆಲ್ಲ ಏಕೆ ಎಂದರೆ, 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿತು. ಸೋರಿದ ಅನಿಲಕ್ಕೆ ಬೆಂಕಿ ತಗುಲಿ, ರಸ್ತೆ ಪಕ್ಕದ ಮನೆಗಳಲ್ಲಿದ್ದವರೂ ಪ್ರಾಣ ಕಳೆದುಕೊಂಡರು. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗದೆ, ನೆಲ ಹಿಡಿದು ಚರಂಡಿ, ತಗ್ಗು, ಹೊಸ್ತಿಲುಗಳ ಕಡೆಗೆ ಹರಿಯುತ್ತದೆ. ಎಲ್ಲೋ ದೂರದ ಒಂದು ಕಿಡಿ ಸಾಕು.

ಇನ್ನೊಂದು ದುರಂತ 2017ರ ಜೂನ್ 25ರದ್ದು. ಪಾಕಿಸ್ತಾನದ ಅಹ್ಮದ್‌ಪುರದ ಬಳಿ ಪೆಟ್ರೋಲ್ ಟ್ಯಾಂಕರ್ ಉರುಳಿದಾಗ ಸುತ್ತಲಿನ ಜನ ಕೊಡ, ಬಕೆಟ್ಟು ಹಿಡಿದು ಓಡಿದರು. ಬೆಂಕಿ ಹೊತ್ತಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರೇನು ಕೆಟ್ಟವರಲ್ಲ, ನಮ್ಮ ನಿಮ್ಮಂಥ ಸಂಸಾರಸ್ಥರೇ. ಪುಕ್ಕಟೆ ಸಿಗುತ್ತದೆ ಎಂದರೆ ನಮ್ಮ ಹಳ್ಳಿಗಳಲ್ಲೂ ಕ್ಯಾನು ಹುಡುಕುವವರಿದ್ದಾರೆ.

ಆದ್ದರಿಂದ ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೆ ಇಷ್ಟು ಹೇಳಿಕೊಡಿ. ಟ್ಯಾಂಕರ್ ಉರುಳಿದರೆ ಹತ್ತಿರ ಹೋಗಬೇಡಿ, ಫೋಟೋ ತೆಗೆಯಲು ನಿಲ್ಲಬೇಡಿ. ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ದೂರ ಸರಿಯಿರಿ. ಬೀಡಿ, ಒಲೆ, ಗಾಡಿಯ ಇಂಜಿನ್ ಯಾವುದನ್ನೂ ಹೊತ್ತಿಸಬೇಡಿ. ಸುರಕ್ಷಿತ ದೂರ ತಲುಪಿದ ಮೇಲೆ 112ಕ್ಕೆ ಫೋನ್ ಮಾಡಿ. ಫಲಕದ ನಂಬರು ದೂರದಿಂದಲೇ ಕಂಡರೆ ಹೇಳಿ, ಕಾಣದಿದ್ದರೆ ಅದಕ್ಕಾಗಿ ಹತ್ತಿರ ಹೋಗಬೇಡಿ.

ಐದು ಲೀಟರ್ ಪೆಟ್ರೋಲಿನ ಬೆಲೆ ಐನೂರು ರೂಪಾಯಿ ಆಸುಪಾಸು. ಜೀವಮಾನವೆಲ್ಲ ಜಮಾ ಖರ್ಚು ಬರೆದವನ ಮಾತು ಕೇಳಿ: ಐನೂರು ರೂಪಾಯಿ ಜಮಾ ಮಾಡಿಕೊಳ್ಳಲು ಹೋಗಿ ಜೀವವನ್ನೇ ಖರ್ಚಿಗೆ ಹಾಕಿದರೆ, ಆ ಲೆಕ್ಕವನ್ನು ಯಾವ ಲೆಡ್ಜರಿನಲ್ಲೂ ಸರಿಪಡಿಸಲು ಆಗುವುದಿಲ್ಲ.