ಆತಗೂರಿನ ಕಲ್ಲು, ಹೆಳವರ ಕಡತ

ಮದ್ದೂರಿನಿಂದ ಮಳವಳ್ಳಿಯತ್ತ ಹೊರಟ ಬಸ್ಸು ಕಬ್ಬು, ಬತ್ತ, ತೆಂಗಿನ ನಡುವೆ ಸಾಗಿ ಕೆ.ಎಂ. ದೊಡ್ಡಿಯಲ್ಲಿ ನಿಲ್ಲುತ್ತದೆ. ಊರಿಗೆ ಭಾರತೀನಗರ ಎಂಬ ಹೊಸ ಹೆಸರು ಬಂದಿದ್ದರೂ ಜನರ ಬಾಯಲ್ಲಿ ಇನ್ನೂ ದೊಡ್ಡಿಯೇ. ಕೆ.ಎಂ. ಎಂದರೆ ಕಾಳಮುದ್ದನ, ದೊಡ್ಡಿ ಎಂದರೆ ದನ ಕೂಡುವ ಜಾಗ. ಮಂಡ್ಯ ಜಿಲ್ಲೆಯಲ್ಲಿ ಇಂಥ ದೊಡ್ಡಿಗಳು, ಕೊಪ್ಪಲುಗಳು ಲೆಕ್ಕವಿಲ್ಲದಷ್ಟಿವೆ. ದನ ಕಟ್ಟಿದ ಜಾಗ ಊರಾಯಿತು, ಒಕ್ಕಲಿನ ಹೆಸರು ಊರಿನ ಹೆಸರಾಯಿತು. ರೈತರ ಚರಿತ್ರೆ ಉಳಿಯುವ ಬಗೆಯೇ ಹೀಗೆ. ಅದನ್ನು ಹುಡುಕಲು ಅರಮನೆಗೆ ಹೋಗಬೇಕಿಲ್ಲ. ಕಲ್ಲು, ಕಡತ ಮತ್ತು ಪಹಣಿಗಳನ್ನು ನೋಡಿದರೆ ಸಾಕು.

ಕಲ್ಲಿನ ಮೇಲೆ ಕಾಳಿ

ಮದ್ದೂರು ತಾಲ್ಲೂಕಿನ ಆತಗೂರು ಚರಿತ್ರೆ ಓದಿದವರಿಗೆ ಆತಕೂರು ಎಂದೇ ಪರಿಚಿತ. ಇಲ್ಲಿ ದೊರೆತ ವೀರಗಲ್ಲು ಕ್ರಿ.ಶ. 949-50ರದು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ನಿಂತ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಇದರಲ್ಲಿದೆ. ಆದರೆ ಕಲ್ಲು ನಿಂತದ್ದು ರಾಜರಿಗಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಸೇವಕ ಮಣಲೆರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು.

ಕಂಡುಗವೆಂಬುದು ಧಾನ್ಯದ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಕಂಡುಗ. ಬಿತ್ತನೆಗೆ ಎಷ್ಟು ಬೀಜ ಬೇಕೋ ಅದರಿಂದಲೇ ಭೂಮಿಯನ್ನು ಅಳೆಯುತ್ತಿದ್ದ ಕಾಲ ಅದು. ಎಕರೆ, ಗುಂಟೆಗಳು ಬಂದದ್ದು ಬಹಳ ತಡವಾಗಿ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಎತ್ತಿನ ಮೇಲೆ ಬಂದ ವಂಶಾವಳಿ

ಕಲ್ಲು ಹಾಕಿಸಲು ಶಕ್ತಿಯಿಲ್ಲದ ಒಕ್ಕಲುಮಕ್ಕಳ ಹೆಸರುಗಳನ್ನು ಕಾಪಾಡಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಸುತ್ತಿ, ಗಂಟೆ ಬಾರಿಸುತ್ತಾ ಹಳೇ ಮೈಸೂರಿನ ಒಕ್ಕಲಿಗರ ಮನೆಗಳಿಗೂ ಹೆಳವರು ಬರುತ್ತಿದ್ದರು. ಹೆಳವ ಎಂದರೆ ಕುಂಟ. ಕಾಲಿಲ್ಲದ ತಮ್ಮ ಮೂಲಪುರುಷನಿಗೆ ಎತ್ತು ದೊರೆತ ಕಥೆಯನ್ನು ಅವರು ಹೇಳುತ್ತಾರೆ. ಜಗಲಿಯ ಮುಂದೆ ನಿಂತು, ಮೂಲ ಊರು ಯಾವುದು, ಮನೆದೇವರು ಯಾರು, ಯಾರ ಮಗ ಯಾರು, ಯಾವ ತಲೆಮಾರಿನಲ್ಲಿ ಯಾರು ಊರು ಬಿಟ್ಟರು ಎಂದು ಒಂದೇ ಉಸಿರಿಗೆ ಒಪ್ಪಿಸುವರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ದವಸವನ್ನೋ ಬಟ್ಟೆಯನ್ನೋ ಪಡೆದು ಮುಂದಿನ ಊರಿಗೆ ಹೊರಡುವರು. ನೆನಪಿನಲ್ಲಿದ್ದದ್ದು ಮುಂದೆ ಕಾಗದದ ಪುಸ್ತಕಗಳಿಗೆ ಇಳಿಯಿತು. ಇಂದಿಗೂ ಕೆಲವರು ಈ ಕಾಯಕ ಮುಂದುವರಿಸಿದ್ದಾರೆ.

ನಾಲೆ ಬಂದ ಮೇಲೆ

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಏತ, ಪಂಪುಗಳ ಹಂಗಿಲ್ಲದೆ, ನೆಲದ ಇಳಿಜಾರನ್ನೇ ನಂಬಿ ಹುಲಿಕೆರೆಯ ಸುರಂಗ ದಾಟಿ ನೀರು ಹರಿದುಬಂತು. ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯಾಯಿತು.

ನೀರು ಬಂದಲ್ಲಿ ಮಣ್ಣಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಪಾಲು ಬಂತು. ಎಕರೆಗಳಲ್ಲಿದ್ದ ಹಿಡುವಳಿ ಅಣ್ಣತಮ್ಮಂದಿರ ನಡುವೆ ಗುಂಟೆಗಳಿಗೆ ಇಳಿಯಿತು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ತುಂಡೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ತಾತನ ಹೆಸರು ಗೌರವದ ಮಾತಾಗಿದ್ದದ್ದು ಹೋಗಿ ಹಕ್ಕಿನ ಮಾತಾಯಿತು.

ಬಿಟ್ಟುಹೋದ ಹೆಸರುಗಳು

ಶಾನುಭೋಗರ ಲೆಕ್ಕದ ಕಾಲ ಮುಗಿದು, ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಕಂಪ್ಯೂಟರಿಗೆ ಏರಿದವು. ಆದರೆ ಕಂಪ್ಯೂಟರಿನಲ್ಲಿಯೂ ಎಷ್ಟೋ ಜಮೀನುಗಳು ತೀರಿಹೋದ ತಾತ, ಮುತ್ತಾತಂದಿರ ಹೆಸರಿನಲ್ಲೇ ಉಳಿದಿವೆ. ಹೊಲ ಉಳುವವನು ಮೊಮ್ಮಗ, ಪಹಣಿಯಲ್ಲಿರುವವನು ತಾತ. ಸಾಲ ಬೇಕೆಂದರೂ, ಬೆಳೆ ಪರಿಹಾರ ಬೇಕೆಂದರೂ ತೊಡಕು. ಪೌತಿ ಖಾತೆ ಮಾಡಿಸಲು ಹೊರಟಾಗ ಮೊದಲು ಕೇಳುವುದು ವಂಶವೃಕ್ಷವನ್ನು. ಹೆಳವ ಜಗಲಿಯಲ್ಲಿ ಹಾಡಿದ್ದನ್ನೇ ಈಗ ಕಚೇರಿ ಕಾಗದದಲ್ಲಿ ಕೇಳುತ್ತದೆ.

ಅಲ್ಲೊಂದು ಕೊರತೆ ಎದ್ದು ಕಾಣುತ್ತದೆ. ಹೆಳವರ ಕಡತ ಸಾಮಾನ್ಯವಾಗಿ ಗಂಡುಸಂತಾನದ ಸರಣಿ. ಮದುವೆಯಾಗಿ ಹೋದ ಮಗಳು ಆ ಸರಣಿಯಿಂದಲೂ ಹೋದಂತೆ. ಕರ್ನಾಟಕದ ಕಾನೂನು 1994ರ ಜುಲೈ 30ರಿಂದ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಆದರೂ ಊರಲ್ಲಿ ನಡೆಯುವುದು ಬೇರೆ. ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋಗುವುದುಂಟು. ಇಲ್ಲವೇ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದುಂಟು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಆಕೆ ಸುಮ್ಮನಾಗುತ್ತಾಳೆ.

ಆತಗೂರಿನ ನಾಯಿಯ ಹೆಸರು ಸಾವಿರ ವರ್ಷ ದಾಟಿ ಉಳಿದಿದೆ. ಅದೇ ಸೀಮೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ರಾಗಿ ಬೀಸಿದ ಮುತ್ತಜ್ಜಿಯ ಹೆಸರು ಮೂರನೇ ತಲೆಮಾರಿಗೇ ಮರೆತಿರುತ್ತದೆ. ಮನೆಯಲ್ಲಿ ಹಿರಿಯರು ಇರುವಾಗಲೇ ಅವರ ಪಕ್ಕ ಕುಳಿತು ಅಜ್ಜಿ, ಮುತ್ತಜ್ಜಿ, ಅತ್ತೆಯರ ಹೆಸರು, ಅವರ ತವರೂರು, ಸೇರಿದ ಊರುಗಳನ್ನು ಕೇಳಿ ಬರೆದಿಟ್ಟುಕೊಳ್ಳಬಹುದು. ಅದಕ್ಕೆ ಕಲ್ಲು ಬೇಡ, ಶಾಸನ ಕೊರೆಯುವವರೂ ಬೇಡ. ಮಕ್ಕಳ ನೋಟ್‌ಬುಕ್ಕಿನ ಎರಡು ಹಾಳೆ ಸಾಕು.