ಬೂದಿ ದಿಬ್ಬ ನೋಡಿ ಬಂದು

ಬಳ್ಳಾರಿ
ಸಂಕ್ರಾಂತಿಗೆ ಇನ್ನು ಎಂಟು ದಿನ

ಅವ್ವನಿಗೆ ನಮಸ್ಕಾರ.

ನಾನು ಕ್ಷೇಮ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಒಗ್ಗಿದೆ. ಮುದ್ದೆ ನೆನಪಾಗುವುದು ರಾತ್ರಿ ಊಟಕ್ಕೆ ಕೂತಾಗ ಮಾತ್ರ. ಹಂಪಿ ಕಥೆ ಬಂದ ಮೇಲೆ ಹೇಳುತ್ತೇನೆ. ಇವತ್ತು ನೋಡಿದ್ದು ನಿನಗೇ ಬರೆಯಬೇಕಾದದ್ದು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಅಂತ ಊರು. ಈಗ ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರವಿದೆ. ಅದರ ಚಿಮಣಿ ದೂರಕ್ಕೇ ಕಾಣುತ್ತದೆ. ಆದರೆ ಆ ಸೀಮೆಯಲ್ಲಿ ಬೂದಿ ಹೊಸದಲ್ಲ. ಊರಿನ ಆಚೆ ಒಂದು ದಿಬ್ಬವಿದೆ. ಸುತ್ತಲಿನ ಗುಡ್ಡಗಳೆಲ್ಲ ಬಂಡೆಯವು, ಇದೊಂದು ಮಾತ್ರ ಬೂದು ಬಣ್ಣದ ಗುಡ್ಡೆ. ಬುಡದಲ್ಲಿ ಉದುರಿ ಬಿದ್ದಿದ್ದ ಹೆಂಟೆಯೊಂದನ್ನು ಎತ್ತಿ ನೋಡಿದೆ. ಒಂದು ಮಗ್ಗುಲು ಹಿಟ್ಟಿನ ಹಾಗೆ ಬೆರಳಿಗೆ ಹತ್ತಿತು. ಇನ್ನೊಂದು ಮಗ್ಗುಲು ಕುಲುಮೆಯ ಕಿಟ್ಟದ ಹಾಗೆ ಗಟ್ಟಿ. ಅದರ ತುಂಬ ತೂತು, ಅಲ್ಲಲ್ಲಿ ಗಾಜಿನ ಮಿರುಗು. ನೋಡಿ, ಇದ್ದಲ್ಲೇ ಇಟ್ಟೆ.

ಅಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರನ್ನು ಕೇಳಿದೆ. “ರಾಕ್ಷಸರನ್ನ ಸುಟ್ಟ ಬೂದಿ ಐತ್ರೀ ಅದು” ಅಂದರು. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದ್ದೇ ದಿಬ್ಬವಿದೆ. ಅದನ್ನು ವಾಲಿಯನ್ನು ಸುಟ್ಟ ಜಾಗ ಅನ್ನುತ್ತಾರೆ. ಓದಿದವರೂ ಕಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ಜ್ವಾಲಾಮುಖಿ ಅಂದವರುಂಟು, ಕಬ್ಬಿಣ ಕರಗಿಸಿದ ಜಾಗ ಅಂದವರುಂಟು, ಸಹಗಮನದ ಚಿತೆ ಅಂದವರೂ ಉಂಟು.

ಸರಿಯಾಗಿ ಊಹಿಸಿದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. ಅವರು ನೂರು ವರ್ಷಕ್ಕೂ ಹಿಂದೆಯೇ ಇದು ದನದ ಸಗಣಿ ಸುಟ್ಟ ಬೂದಿ ಎಂದರು. 1957ರಲ್ಲಿ ಪುರಾತತ್ವ ವಿದ್ವಾಂಸ ರೇಮಂಡ್ ಆಲ್ಚಿನ್ ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆಸಿದಾಗ ಸಾಕ್ಷಿಯೇ ಸಿಕ್ಕಿತು. ದೊಡ್ಡಿಗೆ ಬೇಲಿ ಹಾಕಲು ನೆಟ್ಟ ಗೂಟಗಳ ಕುಳಿಗಳು ಸಾಲಾಗಿ ಇದ್ದವು, ಪದರದ ಮೇಲೆ ದನದ ಗೊರಸಿನ ಗುರುತು ಹಾಗೇ ಉಳಿದಿತ್ತು. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಗೊರಸು, ಅವ್ವಾ! ನಮ್ಮ ಕೊಟ್ಟಿಗೆ ಮುಂದೆ ಮಳೆ ನಿಂತ ಮೇಲೆ ಕಾಣುತ್ತದಲ್ಲ, ಅದೇ.

ಗಾಜು ಎಲ್ಲಿಂದ ಬಂತು ಅಂತ ನನಗೂ ಅನುಮಾನವಿತ್ತು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ಮೇದ ಹುಲ್ಲು ಸಗಣಿಯಾಗಿ, ಆ ಸಗಣಿ ರಾಶಿಯಾಗಿ, ಒಳಗೊಳಗೇ ಜೋರು ಕಾವಿನಲ್ಲಿ ಉರಿದರೆ ಆ ಸಿಲಿಕಾ ಕರಗಿ ಗಾಜಾಗುತ್ತದೆ. ನಿನ್ನ ಒಲೆಯ ಬೆರಣಿಗೆ ಅಷ್ಟು ಕಾವು ಎಲ್ಲಿ? ಅಂದ ಹಾಗೆ, ಇಲ್ಲಿ ಬೆರಣಿಗೆ ಕುಳ್ಳು ಅನ್ನುತ್ತಾರೆ.

“ಗೊಬ್ಬರ ಯಾರಾದರೂ ಸುಡ್ತಾರೇನೋ?” ಅಂತ ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಪಂಡಿತರ ಜಗಳವೂ ಅದೇ. ಉಣ್ಣೆ, ನೊಣದ ಕಾಟಕ್ಕೆ ಸುಟ್ಟರು ಅನ್ನುವುದು ಒಂದು ಪಕ್ಷ. ವರ್ಷದ ಹಬ್ಬದಲ್ಲಿ ಬೇಕೆಂದೇ ಬೆಂಕಿ ಇಟ್ಟರು ಅನ್ನುವುದು ಇನ್ನೊಂದು. 1990ರ ದಶಕದಲ್ಲಿ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ದಿಬ್ಬದ ಪಕ್ಕದಲ್ಲೇ ಮನೆಗಳೂ ದನ ಕಡಿದು ಪಾಲು ಮಾಡುತ್ತಿದ್ದ ಜಾಗವೂ ಸಿಕ್ಕವು. ಅಂದರೆ ಅದು ಬರೀ ದೊಡ್ಡಿಯಲ್ಲ, ಊರೇ.

ಆಲ್ಚಿನ್ ಹಬ್ಬದ ಕಡೆಯವರು. ದನಗಳನ್ನು ಬೆಂಕಿ ಹಾಯಿಸುವ ನಮ್ಮ ಹಬ್ಬಗಳಲ್ಲಿ ಆ ಕಾಲದ ನೆನಪು ಉಳಿದಿರಬಹುದು ಅನ್ನುವುದು ಅವರ ವಾದ. ಪುಸ್ತಕದಲ್ಲಿ ಓದಿದ್ದರೆ ನಂಬುತ್ತಿದ್ದೆನೋ ಇಲ್ಲವೋ. ಆದರೆ ದಿಬ್ಬದ ಬುಡದಲ್ಲಿ ನಿಂತಾಗ ನನಗೆ ಬೇರೇನೂ ಹೊಳೆಯಲಿಲ್ಲ. ಕೊಂಬಿಗೆ ಬಣ್ಣ ಬಳಿದುಕೊಂಡ ನಮ್ಮ ಕೆಂದ ಕಿಚ್ಚಿನ ಮೇಲೆ ಹಾರಿದ್ದು, ಹಗ್ಗ ಬಿಡದೆ ಅಪ್ಪ ಅದರ ಹಿಂದೆಯೇ ಹಾರಿದ್ದು ಕಣ್ಣಿಗೆ ಕಟ್ಟಿತು. ರಾಕ್ಷಸರ ಬೂದಿಯಲ್ಲ ಅದು, ನಮ್ಮಂಥವರದೇ.

ಹಬ್ಬದ ಹಿಂದಿನ ದಿನ ಬರುತ್ತೇನೆ. ಕಿಚ್ಚಿಗೆ ಒಣ ಹುಲ್ಲು ಎತ್ತಿಡಲು ಅಪ್ಪನಿಗೆ ಹೇಳು. ಮಾರನೆಯ ಬೆಳಿಗ್ಗೆ ಬೂದಿ ಗುಡಿಸಬೇಡ. ಗೊರಸಿನ ಗುರುತು ಮೂಡಿದೆಯೇ ಅಂತ ನೋಡಬೇಕು.

ಇಂತಿ
ನಿನ್ನ ಮಗ